ಬಾರದೆ ಹೋದ ಬೇನೆ

ಊಟದ ಬಿಡುವಿನ ಹೊತ್ತು. ಪ್ರಯೋಗಾಲಯದ ಉಳಿದವರೆಲ್ಲ ಕ್ಯಾಂಟೀನಿಗೆ ಹೋಗಿದ್ದರು. ಕಸ್ತೂರಿ ಬಾವಿಕಟ್ಟಿ ಕಿಟಕಿಗಳ ಪರದೆ ಎಳೆದು, ನೇರಳೆ ದೀಪ ಹೊತ್ತಿಸಿ, ಅದರ ಕೆಳಗೆ ತನ್ನ ಬಲಗೈ ಚಾಚಿದಳು. ಬೆಳಿಗ್ಗೆ ಆ ಕೈಯ ತೋರುಬೆರಳಿಗೆ ಸಾಸಿವೆ ಕಾಳಿನಷ್ಟು ಲೋಳೆ ಹಚ್ಚಿಕೊಂಡಿದ್ದಳು, ಅಷ್ಟೆ. ಈಗ ಅಂಗೈಯಿಡೀ ಹಳದಿಯಾಗಿ ಹೊಳೆಯುತ್ತಿತ್ತು.

ದೀಪವನ್ನು ಕೋಣೆಯ ಸುತ್ತ ತಿರುಗಿಸಿದಳು. ಬಾಗಿಲ ಹಿಡಿ, ಚಹಾದ ಕಪ್ಪು, ಕುರ್ಚಿಯ ತೋಳು, ಫ್ಯಾನಿನ ಸ್ವಿಚ್ಚು, ಎಲ್ಲದರ ಮೇಲೂ ಹಳದಿ ಬೆರಳುಗಳು. ಕೈತೊಳೆಯುವ ಜಾಗದ ಕನ್ನಡಿಯಲ್ಲಿ ನೋಡಿಕೊಂಡರೆ ಮೂಗಿನ ಪಕ್ಕ, ಕಿವಿಯ ಹಿಂದೆ, ತುಟಿಯ ಅಂಚಿನಲ್ಲಿ ಹೊಳಪು. ಮೂರು ತಾಸಿನಲ್ಲಿ ತಾನು ಇಷ್ಟು ಸಲ ಮುಖ ಮುಟ್ಟಿಕೊಂಡೆನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಅವಳ ಹಿರಿಯ ವಿಜ್ಞಾನಿ ವಿಲ್ಮಾ ಮೇಡಂ ಒಳಬಂದರು. ಅವರ ಬೆರಳುಗಳು, ಸೀರೆಯ ಅಂಚು, ಕನ್ನಡಕದ ಕಡ್ಡಿ ಹಸಿರಾಗಿ ಮಿನುಗುತ್ತಿದ್ದವು.

"ನಾನು ಬೆಳಗ್ಗಿಂದ ನಿನ್ನ ಹತ್ತಿರಾನೂ ಬಂದಿಲ್ಲವಲ್ಲೇ" ಎಂದರು ವಿಲ್ಮಾ, ತಮ್ಮ ಕೈಯನ್ನೇ ನೋಡುತ್ತ.

"ನನ್ನ ಪೆನ್ನು ತಗೊಂಡು ಸಹಿ ಮಾಡಿದ್ರಿ ಮೇಡಂ."

ಅಂದು ಇಬ್ಬರಿಗೂ ಊಟ ನೆನಪಾಗಲಿಲ್ಲ.

ಅದು ಎಲ್ಲರ ಚರ್ಮದ ಮೇಲೂ ಇರುವ, ಯಾರಿಗೂ ಏನೂ ಮಾಡದ ಒಂದು ಬಡಪಾಯಿ ಸೂಕ್ಷ್ಮಾಣು. ಅದಕ್ಕೆ ಎರಡು ಗುಣ ಕಲಿಸಲು ಇವರಿಗೆ ಒಂಬತ್ತು ವರ್ಷ ಹಿಡಿದಿತ್ತು. ನೇರಳೆ ಬೆಳಕು ಬಿದ್ದರೆ ಹೊಳೆಯುವುದು ಒಂದು. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿದಾಗ ಬಣ್ಣ ಬದಲಿಸುವುದು ಇನ್ನೊಂದು. ಒಬ್ಬೊಬ್ಬರ ಬೆವರಿನ ರಸಾಯನವೂ ಬೇರೆ ಬೇರೆ. ಹೊಸ ಬೆವರು ತಾಗಿದೊಡನೆ ಅದರೊಳಗೆ ಒಂದು ಗುಂಡಿ ಒತ್ತಿದಂತಾಗುತ್ತಿತ್ತು. ಮೊದಲ ಕೈಯಲ್ಲಿ ಹಳದಿ, ಎರಡನೆಯದರಲ್ಲಿ ಹಸಿರು, ಮೂರನೆಯದರಲ್ಲಿ ನೀಲಿ, ಅಲ್ಲಿಂದಾಚೆಗೆ ಎಲ್ಲ ಗುಲಾಬಿ. ಸೋಪು ತಾಗಿದರೆ ಆ ಗಳಿಗೆಯೇ ಸಾಯುತ್ತಿತ್ತು. ಬಿಟ್ಟರೂ ಹತ್ತು ದಿನಕ್ಕೆ ತಾನಾಗಿ ಇಲ್ಲವಾಗುತ್ತಿತ್ತು. ದಾಖಲೆಯಲ್ಲಿ ಅದಕ್ಕೆ ಉದ್ದದ ಒಂದು ಸಂಖ್ಯೆಯಿತ್ತು. ಕಸ್ತೂರಿ ಮಾತ್ರ 'ಮಿಣುಕು' ಎನ್ನುತ್ತಿದ್ದಳು.

ಇದರ ಹಿಂದೆ ಅವಳ ಹಳೆಯದೊಂದು ಸೋಲಿತ್ತು. ಹಿಂದೆ ಶಾಲೆ ಶಾಲೆಗೆ ಚಿತ್ರಪಟ ಹೊತ್ತು ತಿರುಗಿ ಮಕ್ಕಳಿಗೆ ಆರೋಗ್ಯದ ಪಾಠ ಮಾಡಿದ್ದಳು. ಮಕ್ಕಳು ಒಕ್ಕೊರಲಿನಿಂದ ಕೈ ತೊಳೆಯುವ ಹಂತಗಳನ್ನು ಒಪ್ಪಿಸುತ್ತಿದ್ದರು, ಗಂಟೆ ಹೊಡೆದೊಡನೆ ಹಾಗೇ ಓಡಿಹೋಗಿ ಊಟಕ್ಕೆ ಕೂರುತ್ತಿದ್ದರು. ಅವರ ತಪ್ಪಲ್ಲ. ಕಾಣದ ಹುಲಿಗೆ ಯಾರು ಹೆದರುತ್ತಾರೆ? ರೋಗವಿಲ್ಲದೆ ಸಾಂಕ್ರಾಮಿಕವೊಂದನ್ನೇ ಮಕ್ಕಳ ಕಣ್ಣೆದುರು ಹಬ್ಬಿಸಿ ತೋರಿಸಿದರೆ ಹೇಗೆ ಎಂಬ ಯೋಚನೆ ಅವಳಿಗೆ ಹೊಳೆದದ್ದು ಆಗಲೇ.

ಮೊದಲ ಪ್ರಯೋಗಕ್ಕೆ ಆರಿಸಿದ ಊರು ನೂಲಗುಡ್ಡ. ಬಾಗಲಕೋಟೆಯ ಕಡೆಯ ನೇಕಾರರ ಊರು. ಸಾವಿರದ ಎಂಟುನೂರು ಜನ, ಮನೆಗೊಂದು ಮಗ್ಗ. ಗ್ರಾಮಸಭೆಯಲ್ಲಿ ಕಸ್ತೂರಿ ಎರಡು ತಾಸು ನಿಂತು ವಿವರಿಸಿದಳು. ಒಪ್ಪಿದವರು ಮಾತ್ರ ಕೈಯೊಡ್ಡಿದರೆ ಸಾಕು. ಯಂತ್ರಕ್ಕೆ ಯಾರ ಹೆಸರೂ ತಿಳಿಯುವುದಿಲ್ಲ, ಬರೀ ಸಂಖ್ಯೆ. ಶಾಲೆ, ಗಿರಣಿ, ರೇಷನ್ ಅಂಗಡಿ, ಅಂಗನವಾಡಿ, ಬಸ್ ನಿಲ್ದಾಣ ಹೀಗೆ ಐದು ಕಡೆ ದೀಪದ ಪೆಟ್ಟಿಗೆ ಇಟ್ಟರು. ಮಿಣುಕಿನ ಹೊಳಪಿನೊಳಗೆ ಅದು ದಾಟಿಬಂದ ಹಿಂದಿನ ಕೈಯ ಗುರುತೂ ಉಳಿಯುತ್ತಿದ್ದರಿಂದ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಹೋಯಿತೆಂದು ಯಂತ್ರ ಗೆರೆ ಎಳೆಯುತ್ತಿತ್ತು. ಶಾಲೆಯ ಹಳೆಯ ಸಾಮಾನಿನ ಕೋಣೆಯಲ್ಲಿ, ಮುರಿದ ಬೆಂಚುಗಳ ನಡುವೆ, ಅವಳ ಪರದೆ ನಿಂತಿತು.

ಉಳಿದುಕೊಳ್ಳಲು ಜಾಗ ಸಿಕ್ಕಿದ್ದು ಯಂಕವ್ವನ ಮನೆಯಲ್ಲಿ. ಯಂಕವ್ವ ಶಾಲೆಯ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಅದೇ ಕೆಲಸ. ಮಗಳು ದುಂಡವ್ವ ಹೆರಿಗೆಗೆ ಬಂದಿದ್ದಳು. ಏಳು ತಿಂಗಳಿಗೇ ಹುಟ್ಟಿದ ಕೂಸು; ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆಂಟು ದಿನ ಇದ್ದು ಮನೆಗೆ ಬಂದಿತ್ತು. ಇನ್ನೂ ಎದೆ ಚೀಪುವಷ್ಟು ಕಸುವಿಲ್ಲ. ತಾಯಿ ಹಾಲು ಹಿಂಡಿ, ಸಣ್ಣ ಮೂತಿಯ ಬಟ್ಟಲಾದ ಒಳ್ಳೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದಳು.

"ಮುಟ್ಟಿ ನೋಡ್ರಿ ಅಕ್ಕಾರ, ಏನಾಗೂದಿಲ್ಲ" ಎಂದಳು ಯಂಕವ್ವ ಮೊದಲ ದಿನ.

ಕಸ್ತೂರಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಕೂಸಿನ ಮುಷ್ಟಿ ನೆಲ್ಲಿಕಾಯಿಯಷ್ಟಿತ್ತು.

ದುಂಡವ್ವನಿಗೆ ನೀರು ಹೊರುವ ಶಕ್ತಿ ಇನ್ನೂ ಬಂದಿರಲಿಲ್ಲ. ಯಂಕವ್ವ ಬೆಳಕು ಹರಿಯುವ ಮುಂಚೆ ಶಾಲೆಯ ಹಿಂದಿನ ಅಡುಗೆಕೋಣೆಗೆ ಹೋಗುತ್ತಿದ್ದಳು. ಹೀಗಾಗಿ ಎದುರು ಓಣಿಯ ಭಾಗೀರಥಿ ದಿನಾ ಬೆಳಿಗ್ಗೆ ನಲ್ಲಿಯಿಂದ ಒಂದು ಕೊಡ ನೀರು ತಂದಿಟ್ಟು, ಕೂಸನ್ನು ತುಸು ಹೊತ್ತು ಆಡಿಸಿ, ಶಾಲೆಗೆ ಹೋಗುತ್ತಿದ್ದಳು. ಐದನೆಯ ತರಗತಿಯ ಹುಡುಗಿ. ಅಪ್ಪ ವಿದ್ಯುತ್ ಮಗ್ಗದ ಕೆಲಸಗಾರ. ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲದರ ಮೇಲೆ.

ಸೋಮವಾರ ಬೆಳಿಗ್ಗೆ ಕಸ್ತೂರಿ ಕೈಗವಸು ಹಾಕಿಕೊಂಡು ಶಾಲೆಯ ಒಂದೇ ಒಂದು ವಸ್ತುವಿಗೆ ಮಿಣುಕನ್ನು ಹಚ್ಚಿದಳು. ಯಾವುದಕ್ಕೆಂದು ಯಾರಿಗೂ ಹೇಳಲಿಲ್ಲ. ಗುರುವಾರ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲೆ ಮಾಡಿದರು. ಮಕ್ಕಳ ಜೊತೆ ಅಪ್ಪ ಅವ್ವಂದಿರೂ ಬಂದು ಒತ್ತೊತ್ತಾಗಿ ಕೂತರು. ಮುಖ್ಯ ಗುರುಗಳಾದ ಮಲ್ಲೇಶಪ್ಪ ಮಾಸ್ತರರು ಗದ್ದಲ ಅಡಗಿಸಿದರು. ಕಸ್ತೂರಿ ಜಂತಿಗೆ ತೂಗುಹಾಕಿದ ದೀಪ ಹೊತ್ತಿಸಿದಳು.



ಇಡೀ ಕೋಣೆ ನಕ್ಷತ್ರ ಸುರಿದಂತೆ ಕಂಡಿತು. ನೂರಾರು ಕೈಗಳು ಹಸಿರು, ನೀಲಿ, ಗುಲಾಬಿ. ಎಣ್ಣೆ ಹಚ್ಚಿ ಬಾಚಿದ ಜಡೆಗಳ ಮೇಲೆ ಅವ್ವಂದಿರ ಬೆರಳುಗಳು ಸಾಲುಗಟ್ಟಿ ಹೊಳೆದವು. ಅಕ್ಕಪಕ್ಕ ಕೂತ ಗೆಳತಿಯರ ಹೆಗಲ ಮೇಲೆ ಅಂಗೈಯ ಅಚ್ಚು. ಗೋಡೆಯ ಮೇಲೆ ಮಕ್ಕಳ ಎತ್ತರಕ್ಕೆ ಸರಿಯಾಗಿ ಒಂದು ಬೆಳಕಿನ ಪಟ್ಟಿ ಹರಿದಿತ್ತು; ನಡೆಯುತ್ತ ಗೋಡೆ ಸವರುವ ಚಟ ಎಲ್ಲರಿಗೂ ಇತ್ತು. ಹಿಂದಿನ ಸಾಲಿನ ಮುದುಕನೊಬ್ಬನ ಬೋಳುತಲೆಯ ನಡುಮಧ್ಯ ಪುಟ್ಟದೊಂದು ಗುಲಾಬಿ ಅಂಗೈ. ಮೊಮ್ಮಗಳದು. ಅವನು ಅದನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.

"ಯವ್ವಾ, ಎಷ್ಟು ಮಂದಿ ನಮ್ಮ ಮೈಮ್ಯಾಲ ಅದಾರ" ಎಂದಳು ಹೆಂಗಸೊಬ್ಬಳು, ದೇವರ ಮುಂದೆ ಮಾತಾಡುವ ದನಿಯಲ್ಲಿ.

ಕಸ್ತೂರಿ ಪ್ರಯೋಗಾಲಯದಲ್ಲಿ ಇದನ್ನು ಸಾವಿರ ಸಲ ನೋಡಿದ್ದಳು. ಆದರೆ ಒಂದು ಊರು ತನ್ನನ್ನು ತಾನೇ ಹೀಗೆ ಎಷ್ಟು ಮುಟ್ಟಿಕೊಳ್ಳುತ್ತದೆ, ಎಷ್ಟು ತಲೆ ಸವರುತ್ತದೆ ಎಂಬುದನ್ನು ನೋಡಿರಲಿಲ್ಲ. ಇದು ಮಿಣುಕು, ಬೇನೆಯಾಗಿದ್ದರೂ ಇದೇ ದಾರಿಗಳಲ್ಲಿ ನಡೆಯುತ್ತಿತ್ತು, ನಾಲ್ಕೇ ದಿನದಲ್ಲಿ ಎಂದು ಹೇಳಿದಳು. ಹೇಳಿ, ಅಲ್ಲೇ ಒಂದು ತಪ್ಪು ಮಾಡಿದಳು.

"ಇದು ಯಾರಿಂದ ಶುರು ಆಗಿರಬಹುದು?" ಎಂದು ಕೇಳಿಬಿಟ್ಟಳು.

ಎಲ್ಲರ ಕಣ್ಣೂ ಕೋಣೆಯನ್ನು ಸುತ್ತಾಡಿ ಬಾಗಿಲ ಹತ್ತಿರ ನಿಂತವು. ಅಲ್ಲಿ ಯಂಕವ್ವ ಇದ್ದಳು. ಇಡೀ ಕೋಣೆಯಲ್ಲಿ ಅವಳ ಕೈಗಳಷ್ಟು ಪ್ರಕಾಶವಾಗಿ ಬೇರೆ ಯಾರದೂ ಇರಲಿಲ್ಲ. ಮೊಳಕೈವರೆಗೆ ನೀಲಿ ಉರಿಯುತ್ತಿತ್ತು. ಅವಳು ಗಾಬರಿಯಿಂದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸೆರಗೂ ಹೊಳೆಯಿತು.

"ಅನ್ನಕ್ಕ ಕೈ ಹಾಕೂ ಕೈ ನೋಡ್ರಿ ಅದು" ಎಂದರು ಯಾರೋ. ಕಸ್ತೂರಿ ಬಣ್ಣದ ವಿಚಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜನ ಎದ್ದು ಹೊರಟಿದ್ದರು.

ಮರುದಿನ ಬಿಸಿಯೂಟಕ್ಕೆ ನೂರಾ ನಲವತ್ತು ಮಕ್ಕಳಲ್ಲಿ ನೂರಕ್ಕೂ ಹೆಚ್ಚು ಮಂದಿ ಮನೆಯಿಂದ ಬುತ್ತಿ ತಂದಿದ್ದರು. ಯಂಕವ್ವ ಸಾರಿನ ಕೊಳಗದ ಮುಂದೆ ಸೌಟು ಹಿಡಿದು ನಿಂತೇ ಇದ್ದಳು. ಅವಳನ್ನು ಬದಲಿಸಬೇಕೆಂದು ನಾಲ್ಕು ಮಂದಿ ಪಾಲಕರು ಮಾಸ್ತರರಿಗೆ ಅರ್ಜಿ ಕೊಟ್ಟರು. ಸಂಜೆ ಕಸ್ತೂರಿ ಮನೆಗೆ ಹೋದಾಗ ಯಂಕವ್ವ ಬಚ್ಚಲ ಕಲ್ಲಿನ ಮೇಲೆ ಕೂತು ತೆಂಗಿನ ನಾರಿನಿಂದ ಕೈ ತಿಕ್ಕುತ್ತಿದ್ದಳು. ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು.

"ಸಾಕು ಯಂಕವ್ವ. ಮಿಣುಕು ಯಾವಾಗೋ ಹೋಗೇದ."

"ಹೋಗಿದ್ದು ನಿಮಗ ಗೊತ್ತು. ಊರಾಗಿನ ಮಂದಿಗೆ ಯಾರು ಹೇಳಬೇಕು ಅಕ್ಕಾರ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹದಿನಾರು ವರ್ಷ ಈ ಕೈಲೆ ಉಣ್ಣಾಕ ನೀಡೇನಿ. ಒಂದು ಮಗೂಗರ ಹೊಟ್ಟಿ ಕೆಟ್ಟೈತೇನು ಕೇಳ್ರಿ. ನಿಮ್ಮ ದೀಪದ ಮುಂದ ನಾ ಕಳ್ಳಿ ಆದೆ."

ಒಳಗಿನಿಂದ ದುಂಡವ್ವ ಹೊರಬಂದು ತಾಯಿಯ ಕೈಗೆ ಕೊಬ್ಬರಿ ಎಣ್ಣೆ ಸವರತೊಡಗಿದಳು. ಕಸ್ತೂರಿಯ ಕಡೆ ನೋಡಲಿಲ್ಲ. ದೀಪ ಸುಳ್ಳು ಹೇಳಿರಲಿಲ್ಲ. ಆದರೆ ಓದುವುದನ್ನು ಕಲಿಸುವ ಮುಂಚೆ ಕಸ್ತೂರಿ ಊರಿನ ಕೈಗೆ ಪುಸ್ತಕ ಕೊಟ್ಟಿದ್ದಳು.

ಶನಿವಾರ ಶಾಲೆ ಅರ್ಧ ದಿನ. ಕಸ್ತೂರಿ ಸಾಮಾನಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದಾಗ ಭಾಗೀರಥಿ ಬಾಗಿಲಲ್ಲಿ ನಿಂತಳು.

"ಯಂಕವ್ವ ಆಯಿ ಕೈ ನೀಲಿ ಇತ್ರಿ."

"ಹೌದು."

"ನೀಲಿ ಅಂದ್ರ ಮೂರನೇದು ಅಂತ ನೀವ ಗ್ರಾಮಸಭಾದಾಗ ಹೇಳಿದ್ರಿ. ಹಂಗಾರ ಆಕೀಗೆ ಕೊಟ್ಟಾವ್ರು ಹಸಿರು. ಹಸಿರಿಗೆ ಕೊಟ್ಟಾವ್ರು ಹಳದಿ. ಹಳದಿ ಯಾರ್ರಿ?"

ಕಸ್ತೂರಿ ಕುರ್ಚಿ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟಳು. "ನಾನು ಹೇಳೂದಿಲ್ಲ. ನೀವೇ ಹುಡುಕ್ರಿ."

ಭಾಗೀರಥಿ ಹೋಗಿ ಏಳು ಮಂದಿಯನ್ನು ಕರೆತಂದಳು. ಯಂಕವ್ವನ ಸಂಖ್ಯೆಯನ್ನು ಅವಳನ್ನೇ ಕೇಳಿಕೊಂಡು ಬಂದಿದ್ದಳು. ಪರದೆಯ ಮೇಲೆ ಒಂದು ಗಿಡ ತಲೆಕೆಳಗಾಗಿ ಬೆಳೆದಂತೆ ಗೆರೆಗಳಿದ್ದವು. ಮಕ್ಕಳು ಬೆರಳಿಟ್ಟು ನೀಲಿಯಿಂದ ಮೇಲಕ್ಕೆ ಹತ್ತಿದರು. ಯಂಕವ್ವನಿಗೆ ಬಂದ ಗೆರೆ ಒಂದಲ್ಲ, ತೊಂಬತ್ತಾರು. ಪ್ರತಿ ಮಗುವೂ ತಟ್ಟೆ ಅವಳ ಕೈಗೆ ಕೊಟ್ಟಿತ್ತು. ಪ್ರತಿ ತಟ್ಟೆಯಿಂದಲೂ ಮಿಣುಕು ಅವಳಿಗೆ ದಾಟಿತ್ತು. ಅವಳ ಕೈ ಅಷ್ಟು ಹೊಳೆದದ್ದು ಅದಕ್ಕೆ. ಹಸಿರು ಕೈಗಳಿಂದ ಬಂದ ನೀಲಿಯೇ ಎಲ್ಲಕ್ಕಿಂತ ದಟ್ಟವಾಗಿ ಮೇಲೆ ಕಂಡಿತ್ತು. ಅವಳಿಂದ ಹೊರಟ ಗೆರೆಗಳು ಮಾತ್ರ ಎಣಿಸಿದರೆ ಮೂರು.

"ಮೂರ ಯಾಕ್ರಿ?" ಎಂದ ಹುಡುಗನೊಬ್ಬ.

"ನೀಡೂ ಮುಂಚೆ ಆಕಿ ಕೈ ತೊಳಕೋತಾಳ" ಎಂದಳು ಭಾಗೀರಥಿ. "ನಾ ನೋಡೇನಿ. ಸೋಪು ಹಚ್ಚಿ ತೊಳಕೋತಾಳ. ಆಮ್ಯಾಲ ಸೌಟು ಹಿಡಿತಾಳ. ನಾವು ತಿರುಗಿ ತಟ್ಟಿ ಕೊಟ್ಟಾಗ ಮತ್ತ ಹತ್ತಿರತೈತಿ."

ಅವರು ಇನ್ನೂ ಮೇಲೆ ಹತ್ತಿದರು. ಹಸಿರು ಸಂಖ್ಯೆಗಳು ಹತ್ತೊಂಬತ್ತು. ಆ ಹತ್ತೊಂಬತ್ತೂ ಗೆರೆಗಳು ಮೇಲೆ ಹೋಗಿ ಒಂದೇ ಹಳದಿ ಚುಕ್ಕೆಯಲ್ಲಿ ಸೇರಿದವು. ಆ ಸಂಖ್ಯೆಯ ಕೈ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಯ ದೀಪದ ಕೆಳಗೆ ಬಂದಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲೆಯ ಬೀಗ ತೆಗೆಯುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಕಸ್ತೂರಿ ಮಿಣುಕನ್ನು ಹಚ್ಚಿದ್ದು ಒಂದು ಸೀಮೆಸುಣ್ಣದ ತುಂಡಿಗೆ.

ಸೋಮವಾರ ಮತ್ತೆ ಎಲ್ಲರನ್ನೂ ಕರೆಸಿದರು. ಈ ಸಲ ಕಸ್ತೂರಿ ಮಾತಾಡಲಿಲ್ಲ. ಭಾಗೀರಥಿ ಉದ್ದದ ಕೋಲು ಹಿಡಿದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಹಳದಿ ಚುಕ್ಕೆಯ ಹತ್ತಿರ ಬಂದಾಗ ಅವಳ ಕೋಲು ನಿಂತಿತು. ಗುರುಗಳ ಹೆಸರು ಹೇಳುವ ಧೈರ್ಯ ಬರಲಿಲ್ಲ.

ಮಲ್ಲೇಶಪ್ಪ ಮಾಸ್ತರರು ತಾವೇ ಎದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಊರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದ ಮನುಷ್ಯ.

"ಆ ಹಳದಿ ನಾನು" ಎಂದರು. "ಸೀಮೆಸುಣ್ಣ ಹಿಡಿದೆ, ಹತ್ತೊಂಬತ್ತು ಹುಡುಗರ ಬೆನ್ನು ಚಪ್ಪರಿಸಿದೆ. ಪಾಠ ಛಲೋ ಒಪ್ಪಿಸಿದ್ರು ಅಂತ. ಗುರುವಾರ ಉಂಡು ಸೋಪು ಹಚ್ಚಿ ಕೈ ತೊಳಕೊಂಡು ಬಂದಿದ್ದೆ, ಕತ್ತಲಿಯಾಗ ನನ್ನ ಕೈ ಹೊಳೀಲಿಲ್ಲ. ನನಗ ಗೊತ್ತಿರಲಿಲ್ಲ. ಬೇನಿ ಕೊಡಾಂವಗ ತಾ ಕೊಡಾಕತ್ತೇನಿ ಅಂತ ಗೊತ್ತಿರೂದ ಇಲ್ಲ. ಹಂಗಾರ ಈಗ ಯಾರ ಮ್ಯಾಲ ಅರ್ಜಿ ಬರಿತೀರಿ, ಬರೀರಿ."

ಅರ್ಜಿ ಕೊಟ್ಟವರಲ್ಲಿ ಒಬ್ಬ ನೆಲ ನೋಡುತ್ತಿದ್ದ.

"ಯಂಕವ್ವನ ಮ್ಯಾಲೆ ತೊಂಬತ್ತಾರು ಮಂದಿ ಹಾಕೇವಿ" ಎಂದಳು ಭಾಗೀರಥಿ, ಈಗ ದನಿ ಗಟ್ಟಿಯಾಗಿತ್ತು. "ಆಕಿ ತಿರುಗಿ ಕೊಟ್ಟಿದ್ದು ಮೂರು ಮಂದಿಗೆ. ಉಳಿದಿದ್ದೆಲ್ಲ ಆಕಿ ಕೈಯಾಗ ಸತ್ತೈತಿ."

ಅಂದು ಮಧ್ಯಾಹ್ನ ಮಾಸ್ತರರು ಕೈ ತೊಳೆದುಕೊಂಡು ಮೊದಲ ತಟ್ಟೆ ಹಿಡಿದು ನಿಂತರು. ಅವರ ಹಿಂದೆ ನೂರಾ ನಲವತ್ತು ಮಕ್ಕಳ ಸಾಲು. ಯಂಕವ್ವ ಒಬ್ಬೊಬ್ಬರಿಗೂ ಸಾರು ನೀಡಿದಳು. ಕೊನೆಯ ಮಗುವಿಗೆ ನೀಡಿ ಮುಗಿಸಿ, ಅಡುಗೆಕೋಣೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದಳು.

ಎರಡನೆಯ ಸುತ್ತು ಬೇರೆ ಆಟ. ಮಿಣುಕನ್ನು ಬಿಟ್ಟು, ಅದನ್ನು ನಿಲ್ಲಿಸಿ ತೋರಿಸಿ ಎಂದಳು ಕಸ್ತೂರಿ. ಮಕ್ಕಳಿಗೆ ಹುಚ್ಚು ಹಿಡಿದಂತಾಯಿತು. ನೀರಿನ ಹರವಿಗೆ ಕೈ ಮುಳುಗದಂತೆ ಉದ್ದ ಹಿಡಿಯ ಸೌಟು ಬಂತು. ನಲ್ಲಿಯ ಹತ್ತಿರ ಹಳೆಯ ಕಾಲುಚೀಲದಲ್ಲಿ ಸೋಪು ತುಂಬಿ ಕಟ್ಟಿದರು. ಸೀನು ಬಂದರೆ ಮೊಳಕೈಗೆ ಮುಖ ಹುದುಗಿಸತೊಡಗಿದರು. ಮನೆಗಳಲ್ಲಿ ಅಜ್ಜಂದಿರಿಗೆ ಊಟಕ್ಕೆ ಮುಂಚೆ ಇಪ್ಪತ್ತು ಎಣಿಸುವ ತನಕ ಕೈ ಉಜ್ಜುವ ಶಿಕ್ಷೆ ಶುರುವಾಯಿತು. ಪರದೆಯ ಮೇಲಿನ ಗಿಡ ದಿನದಿಂದ ದಿನಕ್ಕೆ ಬೋಳಾಗುತ್ತ ಬಂತು. ಕಸ್ತೂರಿ ಧಾರವಾಡದ ಪ್ರಯೋಗಾಲಯಕ್ಕೆ ಫೋನು ಮಾಡಿ ವಿಲ್ಮಾರಿಗೆ ಹೇಳಿದಳು. "ಬರೀ ಮಿಣುಕು ತಾನೇ" ಎಂದರು ವಿಲ್ಮಾ, ಎಚ್ಚರಿಕೆಯ ದನಿಯಲ್ಲಿ. "ನಿಜವಾದದ್ದು ಬಂದಾಗ ಜನ ಹೀಗೇ ಇರ್ತಾರಾ ನೋಡಬೇಕು."

ನಿಜವಾದದ್ದು ಬಂದದ್ದು ಮೂರನೆಯ ವಾರದ ಮಂಗಳವಾರ.

ಕಲ್ಲಿನ ಲಾರಿಯೊಂದು ಓಣಿಯೊಳಗೆ ಹಾದುಹೋದಾಗ ಗಟಾರದ ಪಕ್ಕ ನೆಲದಡಿಯ ನೀರಿನ ಪೈಪು ಬಿರಿದಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮಂಗಳವಾರ ಸಂಜೆ ಆ ಓಣಿಯ ಮುದುಕಿಯೊಬ್ಬಳಿಗೆ ವಾಂತಿಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ. ಬುಧವಾರ ಬೆಳಿಗ್ಗೆ ಆರು ಮಂದಿ, ಮಧ್ಯಾಹ್ನಕ್ಕೆ ಹತ್ತೊಂಬತ್ತು. ಉಪಕೇಂದ್ರದ ನರ್ಸು ತಾಲ್ಲೂಕಿಗೆ ಸುದ್ದಿ ಮುಟ್ಟಿಸಿ, ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಸಲೈನು ತೂಗುಹಾಕಿದಳು. ಕಾಲರಾ ಎಂದು ವೈದ್ಯರು ಮರುದಿನ ಖಾತ್ರಿ ಮಾಡಿದರು.

ಆ ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಕಸ್ತೂರಿ ಯಂಕವ್ವನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಳು. ಊರಿಗೆ ಇನ್ನೂ ಸುದ್ದಿ ಹಬ್ಬಿರಲಿಲ್ಲ. ಒಳಗೆ ಕೂಸು ಕುಂಯ್ ಎನ್ನುತ್ತಿತ್ತು. ಭಾಗೀರಥಿ ಬಂದಳು. ಆದರೆ ಕೊಡವಿರಲಿಲ್ಲ, ಹೊಸ್ತಿಲಿಂದ ನಾಲ್ಕು ಮಾರು ದೂರ, ಬೀದಿಯ ನಡುವೆ ನಿಂತಿದ್ದಳು.

"ಯಾಕ ಅಲ್ಲೇ ನಿಂತಿ? ಬಾ ಒಳಗ" ಎಂದಳು ದುಂಡವ್ವ. "ಎದ್ದಾಗಿಂದ ನಿನ್ನ ದಾರಿ ನೋಡಾಕತ್ತೈತಿ ಇದು."

"ಬರೂದಿಲ್ಲ ಅಕ್ಕಾ. ಅಪ್ಪಗ ನಸುಕಿನಾಗಿಂದ ವಾಂತಿ. ಮಗ್ಗಲ ಮನಿ ಅಜ್ಜಿ ಸತ್ತಾಳ." ಹುಡುಗಿ ಕೈಗಳನ್ನು ಲಂಗದ ಹಿಂದೆ ಬಿಗಿಯಾಗಿ ಹಿಡಿದಿದ್ದಳು. "ಅಪ್ಪನ ಬಾಯಿ ಒರಸಿದಾಕಿ ನಾನ. ಕೈ ತೊಳಕೊಂಡೇನಿ. ಆದ್ರೂ ಅಪ್ಪ ಹಳದಿ ಅಂದ್ರ ನಾ ಹಸಿರು. ಕೂಸು ನೀಲಿ ಆಕ್ಕೈತಿ."

ದುಂಡವ್ವ ಒಳ್ಳೆ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತಳು.

"ನಿನ್ನೆ ತಂದ ನೀರು ಐತೇನು? ಕುಡೀಬ್ಯಾಡ್ರಿ. ಬಳಬಳ ಕುದಿಸ್ರಿ. ಒಳ್ಳಿನೂ ಕುದಿಸ್ರಿ. ಅಕ್ಕಾರ," ಅವಳು ಕಸ್ತೂರಿಯ ಕಡೆ ತಿರುಗಿದಳು, "ಅಪ್ಪಗ ಉಪ್ಪು ಸಕ್ಕರಿ ನೀರು ಕುಡಿಸಾಕತ್ತೇನಿ. ಒಂದು ಲೀಟರಿಗೆ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಹೌದಲ್ರಿ?"

"ಹೌದು. ಸಣ್ಣ ಚಮಚ, ಸಪಾಟಾಗಿ" ಎಂದಳು ಕಸ್ತೂರಿ. ಅವಳು ಚಹಾ ಕೆಳಗಿಟ್ಟು ಎದ್ದಳು. "ಗುಟುಕು ಗುಟುಕಾಗಿ ಕುಡಿಸು. ನಾನು ನರ್ಸನ್ನ ಕರಕೊಂಡು ಬರ್ತೀನಿ."

ಭಾಗೀರಥಿ ತಿರುಗಿ ನಡೆದಳು. ಹೋಗುತ್ತ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರಿಗೆ ದೂರದಿಂದಲೇ ಕೂಗಿ ಹೇಳಿದಳು. ಶಾಲೆಗೆ ಹೊರಟಿದ್ದ ಗೆಳತಿಯರನ್ನು ಓಣಿಯ ತುದಿಯಲ್ಲೇ ತಡೆದಳು. ಹತ್ತಿರ ಬರಲು ಹೋದವರಿಗೆ ಅಂಗೈ ಅಡ್ಡ ಹಿಡಿದಳು. ಅರ್ಧ ತಾಸಿನಲ್ಲಿ ಐದನೆಯ ತರಗತಿಯ ಮಕ್ಕಳು ಓಣಿ ಓಣಿಗೆ ಓಡಿದರು. ನಲ್ಲಿ ನೀರು ಬೇಡ, ಕುದಿಸಿ ಕುಡೀರಿ, ಬೇನೆಯವರ ಬಟ್ಟೆ ನಲ್ಲಿಯ ಹತ್ತಿರ ಒಗೀಬ್ಯಾಡ್ರಿ. ಹತ್ತು ವರ್ಷದ ಮಕ್ಕಳ ಮಾತು ಎಂದು ಯಾರೂ ತಳ್ಳಿಹಾಕಲಿಲ್ಲ. ಎರಡು ವಾರದ ಹಿಂದೆ ತಮ್ಮ ಬೋಳುತಲೆಯ ಮೇಲೆ, ಸೆರಗಿನ ಮೇಲೆ ಬೆಳಕನ್ನು ಕಂಡಿದ್ದ ಜನ ಅವರು.

ಮರುದಿನ ಭಾಗೀರಥಿಗೂ ಭೇದಿ ಶುರುವಾಯಿತು. ಶಾಲೆಯ ಕೋಣೆಯಲ್ಲಿ, ತನ್ನದೇ ತರಗತಿಯ ನೆಲದ ಮೇಲೆ, ಅಪ್ಪನ ಪಕ್ಕದ ಚಾಪೆಯಲ್ಲಿ ಮಲಗಿಸಿದರು. ಯಂಕವ್ವ ಆ ಐದು ದಿನ ಮನೆಗೆ ಹೋಗಲಿಲ್ಲ. ಬಿಸಿಯೂಟದ ದೊಡ್ಡ ಕೊಳಗಗಳಲ್ಲಿ ಇಡೀ ಊರಿಗೆ ನೀರು ಕುದಿಸಿದಳು. ಬಿರಿದ ಕೈಗಳು ಇನ್ನೂ ಪೂರ್ತಿ ಮಾಗಿರಲಿಲ್ಲ. ಅದೇ ಕೈಗಳಿಂದ ಭಾಗೀರಥಿಗೆ ಚಮಚ ಚಮಚವಾಗಿ ಉಪ್ಪು ಸಕ್ಕರೆ ನೀರು ಕುಡಿಸಿದಳು, ಪ್ರತಿ ಸಲವೂ ತೊಳೆದುಕೊಂಡು.

ಹೊಸದಾಗಿ ಬೇನೆ ಬಿದ್ದವರು ಶುಕ್ರವಾರ ಇಬ್ಬರು. ಶನಿವಾರ ಯಾರೂ ಇಲ್ಲ. ಒಟ್ಟು ಇಪ್ಪತ್ತಾರು ಮಂದಿ ಮಲಗಿದ್ದರು. ಮೊದಲ ದಿನ ಹೋದ ಆ ಮುದುಕಿಯನ್ನು ಬಿಟ್ಟರೆ ಎಲ್ಲರೂ ಎದ್ದರು.

ಭಾನುವಾರ ಬೆಳಿಗ್ಗೆ ಕಸ್ತೂರಿ ಸಾಮಾನಿನ ಕೋಣೆಯ ಬಾಗಿಲು ತೆಗೆದಳು. ನಾಲ್ಕು ದಿನದಿಂದ ಪರದೆ ನೋಡಿರಲಿಲ್ಲ. ಎರಡನೆಯ ಸುತ್ತಿನ ಮಿಣುಕು ಹಾಕಿದ ಗೆರೆಗಳು ಹಾಗೇ ಇದ್ದವು. ಅದರ ಮೇಲೆ ಅವಳು ಬೇನೆ ಬಿದ್ದವರಿಂದ, ಅವರ ಮನೆಯವರಿಂದ ಕೇಳಿ ತಂದ ಇಪ್ಪತ್ತಾರು ಸಂಖ್ಯೆಗಳನ್ನು ಕೂರಿಸಿದಳು. ಕೆಲವರಿಗೆ ನೇರವಾಗಿ ನೀರಿನಿಂದಲೇ ಬಂದಿತ್ತು; ಕೆಲವರಿಗೆ ಕೈಯಿಂದ ಕೈಗೆ, ಮಿಣುಕು ನಡೆದ ಅದೇ ದಾರಿಗಳಲ್ಲಿ. ಅಲ್ಲಲ್ಲಿ ಗೆರೆ ತಟ್ಟನೆ ನಿಂತಿತ್ತು. ಭಾಗೀರಥಿಯ ಸಂಖ್ಯೆಗೆ ಮೇಲಿನಿಂದ ಒಂದು ಗೆರೆ ಬಂದಿತ್ತು, ಅಪ್ಪನದು. ಅವಳಿಂದ ಕೆಳಗೆ ಏನೂ ಇರಲಿಲ್ಲ. ಬರೀ ಖಾಲಿ.

ಕಸ್ತೂರಿ ಆ ಖಾಲಿಯನ್ನು ನೋಡುತ್ತ ಕೂತಳು. ಆಮೇಲೆ ಯಂತ್ರಕ್ಕೆ ಒಂದು ಪ್ರಶ್ನೆ ಹಾಕಿದಳು. ಬುಧವಾರ ಬೆಳಿಗ್ಗೆ ಈ ಕೈ ಎಂದಿನಂತೆ ಕೊಡ ಹೊತ್ತಿದ್ದರೆ, ಕೂಸನ್ನು ಎತ್ತಿದ್ದರೆ, ಶಾಲೆಗೆ ಹೋಗಿ ಹರವಿಯಿಂದ ನೀರು ಕುಡಿದಿದ್ದರೆ? ಉಳಿದ ದಿನಗಳಲ್ಲಿ ಆ ಕೈ ಯಾರು ಯಾರನ್ನು ಮುಟ್ಟುತ್ತಿತ್ತೆಂಬುದು ಯಂತ್ರಕ್ಕೆ ತಿಳಿದಿತ್ತು. ಆ ಬುಧವಾರವನ್ನು ಅದು ಸಾವಿರ ಸಲ ಬೇರೆ ಬೇರೆ ರೀತಿ ನಡೆಸಿ ನೋಡಿತು. ಬಳಿಕ ಖಾಲಿ ಜಾಗದಲ್ಲಿ, ಬೂದಿಯಷ್ಟು ತೆಳು ಬಣ್ಣದಲ್ಲಿ, ಗೆರೆಗಳು ಒಂದೊಂದಾಗಿ ಮೂಡತೊಡಗಿದವು.

ಅವು ಅಂದಾಜಿನ ಗೆರೆಗಳು ಎಂದು ಅವಳಿಗೆ ಗೊತ್ತಿತ್ತು. ಕವಲು ಒಡೆದು ಕವಲು, ಅದರಿಂದ ಇನ್ನೊಂದು. ಶಾಲೆಯಿಂದ ಗಿರಣಿಗೆ, ಗಿರಣಿಯಿಂದ ಅಂಗನವಾಡಿಗೆ. ನಲವತ್ತಮೂರು ಚುಕ್ಕೆಗಳ ಹತ್ತಿರ ಬಂದು ಗಿಡ ನಿಂತಿತು. ಅದರಲ್ಲಿ ಒಂದು ಚುಕ್ಕೆ ಉಳಿದೆಲ್ಲಕ್ಕಿಂತ ಸಣ್ಣದು, ಯಂಕವ್ವನ ಮನೆಯ ಜಾಗದಲ್ಲಿ. ಯಾವ ದೀಪದ ಕೆಳಗೂ ಕೈಯೊಡ್ಡದ ಕಾರಣ ಅದಕ್ಕೆ ಸಂಖ್ಯೆ ಇರಲಿಲ್ಲ.

ಒಂಬತ್ತು ವರ್ಷ ಅವಳು ಬೇನೆ ಹೇಗೆ ಹಬ್ಬುತ್ತದೆಂದು ತೋರಿಸಲು ದುಡಿದಿದ್ದಳು. ಬಾರದೆ ಹೋದ ಬೇನೆಯನ್ನು ಕಣ್ಣಾರೆ ಕಾಣುತ್ತೇನೆಂದು ಎಂದೂ ಎಣಿಸಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಭಾಗೀರಥಿ ಗೋಡೆಗೊರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಅವಳ ಅಪ್ಪ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದ. ಕಸ್ತೂರಿ ಚಿತ್ರವನ್ನು ಕೈಯಲ್ಲಿ ಹಿಡಿಯುವ ಸಣ್ಣ ಪರದೆಗೆ ಇಳಿಸಿಕೊಂಡು ಬಂದು ಅವಳ ಮುಂದೆ ಇಟ್ಟಳು. ಏನೆಂದು ವಿವರಿಸಿದಳು.

ಹುಡುಗಿ ಬಹಳ ಹೊತ್ತು ನೋಡಿದಳು. ತುಟಿ ಅಲುಗಿಸುತ್ತ ಚುಕ್ಕೆಗಳನ್ನು ಎಣಿಸಿದಳು. ಕೊನೆಗೆ ಆ ಸಣ್ಣ ಚುಕ್ಕೆಯ ಮೇಲೆ ಬೆರಳಿಡಲು ಹೋಗಿ, ಮುಟ್ಟದೆ, ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಇದು ಕೂಸೇನ್ರಿ?"

"ಹೌದು."

"ಇವರಿಗೆಲ್ಲ ಗೊತ್ತೈತೇನ್ರಿ?"

"ಇಲ್ಲ. ಯಾರಿಗೂ ಗೊತ್ತಿಲ್ಲ. ನಾನು ಹೇಳಲೇನು, ಊರ ಮುಂದೆ?"

ಭಾಗೀರಥಿ ಗಂಜಿಯ ಬಟ್ಟಲು ಕೆಳಗಿಟ್ಟು ಯೋಚಿಸಿದಳು. "ಬ್ಯಾಡ್ರಿ. ಸುಮ್ಮನ ಹೆದರ್ತಾರ." ಸ್ವಲ್ಪ ತಡೆದು, "ನಾ ಒಬ್ಬಾಕೀನ ಅಲ್ಲಲ್ರಿ. ಉಳಿದಾವ್ರ ಹತ್ತರಾನೂ ಗೆರಿ ನಿಂತಿರಬೇಕು ಹಿಂಗ. ಅವ್ರವೂ ತೋರಸ್ರಿ" ಎಂದಳು.

ಅವಳು ಹೇಳಿದ್ದು ನಿಜ. ಗೆರೆ ನಿಂತ ಜಾಗಗಳು ಇನ್ನೂ ಹನ್ನೊಂದಿದ್ದವು. ಕಸ್ತೂರಿ ಅವುಗಳನ್ನು ಆಮೇಲೆ ನೋಡುವುದೆಂದು ಪರದೆ ಆರಿಸಿ, ಅವಳ ಪಕ್ಕ ಕೂತಳು. ಗಂಜಿ ಮುಗಿಯುವ ತನಕ ಕೂತಿದ್ದಳು.

ಹೊರಗೆ ಬಂದಾಗ ಬಿಸಿಲು ಏರಿತ್ತು. ನಾಲ್ಕು ದಿನ ನಿಂತುಹೋಗಿದ್ದ ಮಗ್ಗಗಳು ಮತ್ತೆ ಶುರುವಾಗಿ ಓಣಿಯುದ್ದಕ್ಕೂ ಲಾಳಿಯ ಸಪ್ಪಳ. ಕಸ್ತೂರಿ ಯಂಕವ್ವನ ಮನೆಯ ಕಡೆ ಮೆಲ್ಲಗೆ ನಡೆದಳು. ಗಿರಣಿಯ ಮುಂದೆ ಇಬ್ಬರು ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ಯಾವುದೋ ಮದುವೆಯ ಮಾತಾಡುತ್ತಿದ್ದರು. ಅಂಗನವಾಡಿಯ ಕಟ್ಟೆಯ ಮೇಲೆ ಒಂದು ಮಗು ಇನ್ನೊಂದರ ಚಪ್ಪಲಿ ಕಸಿದುಕೊಂಡು ಓಡುತ್ತಿತ್ತು. ಒಬ್ಬ ಯುವಕ ಸೈಕಲ್ಲಿನ ಹಿಂದೆ ನೂಲಿನ ಗಂಟು ಕಟ್ಟುತ್ತಿದ್ದ. ಯಾರು ಆ ನಲವತ್ತಮೂರರಲ್ಲಿ, ಯಾರು ಅಲ್ಲ, ಅವಳಿಗೆ ತಿಳಿಯುವಂತಿರಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು.

ಒಂದು ಬಾಗಿಲಲ್ಲಿ ಮುದುಕನೊಬ್ಬ ಕೂತು ಎಲೆಯಡಿಕೆ ಕುಟ್ಟುತ್ತಿದ್ದ. ಅವನ ಮುಂದೆ ಅವಳ ಕಾಲು ತಾನಾಗಿ ನಿಂತಿತು.

"ಏನ್ ನೋಡ್ತೀಯವ್ವ ಹಂಗ?" ಎಂದ ಮುದುಕ.

"ಏನಿಲ್ಲ ಅಜ್ಜಾ. ಆರಾಮ ಅದೀರಿ?"

"ನನಗೇನಾಗೇತಿ," ಎಂದು ಅವನು ಮತ್ತೆ ಕುಟ್ಟತೊಡಗಿದ. "ಆರಾಮ ಅದೇನಿ."